ಬೀಗ ಹಾಕಿದ ಕೋಣೆಯ ಫೋನು

ಟೆಲಿಫೋನ್ ಎಕ್ಸ್‌ಚೇಂಜ್ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ನೋಡಿದರೆ ಕೆಟ್ಟದ್ದೇನೂ ಇರಲಿಲ್ಲ. ಕಚೇರಿಯ ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆಯಲ್ಲಿ ಮಂಡಿಯೂರಿ ಕೂತು ಟೆಕ್ನಿಷಿಯನ್ ಒಂದೊಂದೇ ಸರ್ಕ್ಯೂಟ್ ಕಾರ್ಡನ್ನು ಎಳೆದು ನೋಡಿ ಮತ್ತೆ ಒಳಗೆ ದೂಡಿದ. ಒಳಗಿನ ಫೋನುಗಳ ಕಾರ್ಡು, ಹೊರಗಿನ ಲೈನುಗಳ ಕಾರ್ಡು, ಎಲ್ಲಕ್ಕೂ ಯಜಮಾನನಾದ ಕಂಟ್ರೋಲ್ ಕಾರ್ಡು. ಎಲ್ಲದರ ಹಸಿರು ದೀಪವೂ ಉರಿಯುತ್ತಿತ್ತು. ಕಳೆದ ಭಾನುವಾರ ಬೆಳಿಗ್ಗೆ ಹೋದ ಕರೆಂಟು ಸಂಜೆವರೆಗೂ ಬಂದಿರಲಿಲ್ಲವಂತೆ. ಪೆಟ್ಟಿಗೆಯ ಬ್ಯಾಟರಿ ಮಧ್ಯಾಹ್ನದವರೆಗೆ ಹೇಗೋ ಎಳೆದು ಕೈಚೆಲ್ಲಿತ್ತು, ಅಷ್ಟೇ.

"ಬ್ಯಾಟರಿ ಬದಲಾಯಿಸಿದ್ರೆ ಸಾಕು ಅಣ್ಣಾ," ಎಂದು ಬಾಗಿಲಲ್ಲಿ ನಿಂತಿದ್ದ ಹಗಲು ಪಾಳಿಯ ವಾಚ್‌ಮನ್‌ಗೆ ಹೇಳಿದ. ಈ ಪೆಟ್ಟಿಗೆ ಕೂರಿಸಿದ ದಿನ ಇದೇ ವಾಚ್‌ಮನ್ ಏಣಿ ಹಿಡಿದುಕೊಂಡು, ಮ್ಯಾನೇಜರ್ ನಡೆಯುವ ಶೈಲಿಯನ್ನು ಅಣಕಿಸಿ, ಟೆಕ್ನಿಷಿಯನ್‌ನನ್ನು ಹೊಟ್ಟೆ ಹಿಡಿದು ನಗುವಂತೆ ಮಾಡಿದ್ದ. ಇವತ್ತು ಹೂಂ ಎನ್ನುವುದಕ್ಕೂ ತಡ ಮಾಡುತ್ತಿದ್ದ.

"ಯಾಕಣ್ಣಾ, ಹುಷಾರಿಲ್ವಾ?"

"ಅಕ್ಕ ಹೋಗ್ಬಿಟ್ಲು ಸಾರ್. ಆ ಭಾನುವಾರಾನೇ."

ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಆ ಅಕ್ಕ. ಆಸ್ಪತ್ರೆ ಸೇರಿದ್ದಳು, ಪರವಾಗಿಲ್ಲ ಎಂದಿದ್ದರು ಡಾಕ್ಟರು. ಬದಲಿಗೆ ಬರುವ ಆಳು ಇರಲಿಲ್ಲವೆಂದು ಇವನು ಕೆಲಸಕ್ಕೆ ಬಂದಿದ್ದ. ಕೈಗೊಂದು ಮೊಬೈಲು ಇನ್ನೂ ಬಂದಿರದ ದಿನಗಳು. ರಜಾದಿನ ಕಚೇರಿಗೆ ಬರುವ ಕರೆಗಳೆಲ್ಲ ಗೇಟಿನ ಫೋನಿಗೇ ಬರುತ್ತಿದ್ದುದರಿಂದ, ಏನಾದರೂ ಆದರೆ ಈ ನಂಬರಿಗೆ ಮಾಡು, ಓಡಿ ಬರ್ತೀನಿ ಎಂದು ಅಕ್ಕನ ಮಗನಿಗೆ ಹೇಳಿ ಬಂದಿದ್ದ.

"ಮಧ್ಯಾಹ್ನದ ಮೇಲೆ ಅಕ್ಕ ನನ್ನನ್ನೇ ಕೇಳ್ತಿದ್ಲಂತೆ ಸಾರ್, ಬಂದ್ನಾ ಬಂದ್ನಾ ಅಂತ. ಅಳಿಯ ಫೋನ್ ಮಾಡಿದಾನೆ. ರಿಂಗ್ ಆಗ್ತಾನೇ ಇತ್ತು, ನೀನು ಎತ್ತಲಿಲ್ಲ ಅಂತಾನೆ. ಗೇಟಿನ ಫೋನು ಸತ್ತು ಬಿದ್ದಿತ್ತು ಕಣಪ್ಪಾ ಅಂದ್ರೆ ನಂಬಲ್ಲ. ಮಣ್ಣು ಮಾಡಿ ಬಂದ ಮೇಲೆ ನನ್ನ ಮುಖ ನೋಡಿಲ್ಲ." ವಾಚ್‌ಮನ್ ಗಡ್ಡ ಕೆರೆದುಕೊಂಡ. "ಮ್ಯಾನೇಜರ್ ಸಾಹೇಬರ ರೂಮಿನ ಫೋನು ಮಾತ್ರ ಒಂದೇ ಸಮ ಬಡ್ಕೊಳ್ತಿತ್ತು. ಬೀಗ ಹಾಕಿತ್ತಲ್ಲ. ಬಾಗಿಲಾಚೆ ನಿಂತು ಬಾಯಿಗೆ ಬಂದ ಹಾಗೆ ಬೈದೆ, ರಜೆ ದಿನಾನೂ ಇವರ ಕಾಟ ತಪ್ಪಲ್ಲ ಅಂತ. ಸಾಹೇಬರದು ಬೇರೆ ಲೈನು, ಅಲ್ವಾ ಸಾರ್?"

ಟೆಕ್ನಿಷಿಯನ್ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಹೊರಲೈನಿನ ಕಾರ್ಡಿನ ಮೂಲೆಯಲ್ಲಿ ಬೆರಳ ಗೆಣ್ಣಿನಷ್ಟು ದೊಡ್ಡ ರಿಲೇ ಒಂದಿದೆ. ಕರೆಂಟೂ ಬ್ಯಾಟರಿಯೂ ಕೈಕೊಟ್ಟರೆ ಅದು ಟಕ್ಕೆಂದು ಬಿದ್ದು, ಹೊರಗಿನ ಲೈನನ್ನು ಎಕ್ಸ್‌ಚೇಂಜಿನ ಗೊಡವೆಯಿಲ್ಲದೆ ನೇರವಾಗಿ ಒಂದು ಸಾದಾ ಫೋನಿಗೆ ಜೋಡಿಸುತ್ತದೆ. ಯಾವ ಫೋನಿಗೆ ಎಂಬುದು ತಂತಿ ಎಳೆಯುವವನ ಕೈಯಲ್ಲಿ. ಯಾವಾಗಲೂ ಆಳಿರುವ ಜಾಗಕ್ಕೆ ಕೊಡು, ಅಂದರೆ ಗೇಟಿಗೆ, ಎಂದು ಕೆಲಸ ಕಲಿಸಿದವರು ಹೇಳಿದ್ದರು. ಆದರೆ ಪೆಟ್ಟಿಗೆ ಕೂರಿಸಿದ ದಿನ ಮ್ಯಾನೇಜರ್, "ಅದು ನನ್ನ ರೂಮಲ್ಲೇ ಇರಲಿ ಕಣಯ್ಯಾ," ಎಂದಿದ್ದರು. ರಜೆಯಲ್ಲಿ ನಿಮ್ಮ ರೂಮಿಗೆ ಬೀಗ ಇರತ್ತಲ್ಲ ಸಾರ್, ಎನ್ನುವ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಊಟದ ಹೊತ್ತು ಮೀರಿತ್ತು. ದೊಡ್ಡವರ ಹತ್ತಿರ ವಾದ ಯಾಕೆ ಎಂದುಕೊಂಡು, "ಆಗಲಿ ಸಾರ್," ಎಂದಿದ್ದ.

ಈಗ ಹೂಂ, ಬೇರೆ ಲೈನೇ, ಎಂದುಬಿಟ್ಟರೆ ಮುಗಿಯುತ್ತಿತ್ತು. ಸುಳ್ಳನ್ನು ವಾಚ್‌ಮನ್ನೇ ತಂದು ಅಂಗೈಯಲ್ಲಿಟ್ಟಿದ್ದ. ಆದರೆ ಅಳಿಯನೂ ಸುಳ್ಳು ಹೇಳಿರಲಿಲ್ಲ, ಇವನೂ ಹೇಳಿರಲಿಲ್ಲ.

"ಬೇರೆ ಲೈನಲ್ಲ ಅಣ್ಣಾ," ಎಂದ ಟೆಕ್ನಿಷಿಯನ್. "ಕರೆಂಟಿಲ್ಲದಾಗ ಹೊರಗಿಂದ ಬಂದ ಫೋನೆಲ್ಲ ಸಾಹೇಬರ ರೂಮಿಗೇ ಹೋಗತ್ತೆ. ಅಳಿಯ ಮಾಡಿದ್ದೂ ಅಲ್ಲಿಗೇ ಹೋಗಿದೆ."

ವಾಚ್‌ಮನ್ ಕೆಳಗಿನ ಮೆಟ್ಟಿಲ ಮೇಲೆ ಕೂತ. ಮೇಲಿನ ಮಹಡಿಯಲ್ಲಿ ಯಾರೋ ಕುರ್ಚಿ ಎಳೆದ ಸದ್ದಾಯಿತು.

"ಹಾಗಾದ್ರೆ ನಾನು ಬೈದದ್ದು ನಮ್ಮಕ್ಕನ ಫೋನಿಗೆ."

ಟೆಕ್ನಿಷಿಯನ್ ಹೊರಲೈನಿನ ಕಾರ್ಡನ್ನು ಎಳೆದು ರಿಲೇಯತ್ತ ಬೆರಳು ತೋರಿಸಿದ.

"ಅದನ್ನ ಗೇಟಿಗೆ ಕೊಡೋಕೆ ಬರ್ತಿರಲಿಲ್ವಾ ಸಾರ್? ತುಂಬಾ ಕೆಲಸಾನಾ?"

"ಎರಡು ತಂತಿ ಅಣ್ಣಾ. ಗೇಟಿಗೇ ಕೊಡಬೇಕು ಅಂತ ನನಗೆ ಗೊತ್ತಿತ್ತು. ಸಾಹೇಬರ ಎದುರು ಬಾಯಿ ಬಿಡಲಿಲ್ಲ. ನಿಮ್ಮ ಅಳಿಯನ ಹತ್ತಿರ ನಾನೇ ಬರ್ತೀನಿ. ತಪ್ಪು ನಂದು, ನಿಮ್ಮದಲ್ಲ ಅಂತ ಹೇಳ್ತೀನಿ."

ಬೈಗುಳ ಬರಲಿ ಎಂದು ಕಾದಿದ್ದ ಟೆಕ್ನಿಷಿಯನ್‌ಗೆ ಅದು ಸಿಗಲಿಲ್ಲ.

"ಹೇಳಿ ಸಾರ್. ನಾನು ಬೈದೆ ಅನ್ನೋದೊಂದು ಬೇಡ." ಮೊಣಕಾಲಿಗೆ ಕೈಯೂರಿ ಎದ್ದು, ಬಾಗಿಲ ಚೌಕಟ್ಟು ಹಿಡಿದು ನಿಂತ. "ಅದಕ್ಕೂ ಮೊದಲು ಆ ಎರಡು ತಂತಿ ಗೇಟಿಗೆ ಹಾಕ್ಬಿಡಿ. ನನಗೇನು, ಇನ್ನು ಯಾರ ಫೋನು ಬರಬೇಕು? ರಾತ್ರಿ ಪಾಳಿಯವನ ಹೆಂಡತಿಗೆ ದಿನ ತುಂಬಿದೆ."