ಮಡಿ ಮೀನು

"ಅಲ್ಲೇ ನಿಲ್ಲು ಠಾಕುರ್‌ಝಿ. ಹೊಸಿಲು ದಾಟಬೇಡ."

ಬಾಗ್‌ಬಜಾರಿನ ಹಳೆಯ ಮನೆಯಲ್ಲಿ, ಮಹಡಿಯ ತನ್ನದೇ ಕೋಣೆಯ ಮುಂದೆ ನಿಭಾನನಿಯ ಕಾಲು ತಡೆಯಿತು. ಕೈಯಲ್ಲಿ ಗಾಳಿ ತುಂಬಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ನೀರು, ನೀರಲ್ಲಿ ಕೆಂಪು-ನೀಲಿ ಪಟ್ಟೆಯ ಎರಡು ಮೀನು. ನಾದಿನಿಯನ್ನು ಠಾಕುರ್‌ಝಿ ಎಂದು ಕರೆದು ಬಾಗಿಲಿಗೆ ಅಡ್ಡ ನಿಂತವಳು ಅಣ್ಣನ ಹೆಂಡತಿ, ಕನಕಲತಾ ಬೌದಿ. ಸೆರಗಿಗೆ ಅರಿಸಿನ ಮೆತ್ತಿತ್ತು, ಕೈಗೆ ಆಗತಾನೆ ಹೆಚ್ಚಿದ ಹಿಲ್ಸಾ ಮೀನಿನ ಜಿಡ್ಡು.

ಗಂಡ ತೀರಿಕೊಂಡು ನಿಭಾನನಿ ತವರಿಗೆ ಬಂದಾಗ ಅವಳ ತಲೆಯಲ್ಲಿ ಒಂದೂ ಬಿಳಿ ಕೂದಲಿರಲಿಲ್ಲ. ಅಂದಿನಿಂದ ಬೇರೆ ಒಲೆ, ಬೇರೆ ಪಾತ್ರೆ. ಬ್ರಾಹ್ಮಣರ ಮನೆಯಾದರೂ ಎಲ್ಲರ ತಟ್ಟೆಯಲ್ಲೂ ಮೀನು ಈಜಬಹುದು, ವಿಧವೆಯ ತಟ್ಟೆಯ ಕಡೆ ಮಾತ್ರ ಅದು ತಿರುಗಿಯೂ ನೋಡಬಾರದು. ಮೀನು ಮುಟ್ಟಿದವರು ಸ್ನಾನ ಮಾಡದೆ ಅವಳ ಕೋಣೆಗೆ ಕಾಲಿಡುವಂತಿಲ್ಲ ಎಂದು ಕಟ್ಟಳೆ ಮಾಡಿದವಳೂ ಬೌದಿಯೇ. ನಾಲಿಗೆಗಾಗಿ ನಿಭಾನನಿ ಎಂದೂ ಜಗಳ ಕಾದವಳಲ್ಲ. ಆದರೆ ಈಚೀಚೆಗೆ, ಕಣ್ಣಿಗೆಂಥ ವೈಧವ್ಯ ಅನ್ನಿಸತೊಡಗಿತ್ತು.

ಹಾಗೆಂದೇ ಗಾಜಿನ ತೊಟ್ಟಿ ತರಿಸಿದಳು. ಮರಳನ್ನು ಅಕ್ಕಿಯಂತೆ ತೊಳೆದಳು. ನಲ್ಲಿಯ ನೀರನ್ನು ಬಕೆಟಿನಲ್ಲಿ ಹಿಡಿದಿಟ್ಟು ಔಷಧಿಯ ವಾಸನೆ ಹೋಗಿಸಿದಳು. ಗಿಡ ನೆಟ್ಟು, ಗುಳುಗುಳು ಅನ್ನುವ ಫಿಲ್ಟರ್ ಕೂರಿಸಿ, ಗ್ಯಾಲಿಫ್ ಸ್ಟ್ರೀಟಿನ ಭಾನುವಾರದ ಸಂತೆಯಲ್ಲಿ ಮೀನಿನವನು ಹಳೆಯ ತೊಟ್ಟಿಯ ಸ್ಪಂಜು ಹಿಂಡಿಕೊಟ್ಟ ಕೊಳೆನೀರನ್ನು ಹಾಲಿಗೆ ಹೆಪ್ಪು ಹಾಕಿದ ಹಾಗೆ ತೊಟ್ಟಿಗೆ ಹಾಕಿದಳು. ಆಮೇಲೆ ನೀರು ಪಳಗಲೆಂದು ವಾರಗಟ್ಟಲೆ ಕಾದಳು. ಮನೆಮಂದಿ ಬರೀ ನೀರನ್ನು ನೋಡಿ ನಕ್ಕು ಹೋದರು. "ಮೀನಿಲ್ಲದ ಬಾಯಿಗೆ ಮೀನಿಲ್ಲದ ತೊಟ್ಟಿ" ಎಂದ ಬೌದಿಯ ಮಾತು ಮಾಳಿಗೆಯಿಂದ ಮಾಳಿಗೆಗೆ ಹಾರಿ ಇಡೀ ಬೀದಿ ಸುತ್ತಿ ಬಂತು.

ಈಗ ಬೌದಿ ಬಗ್ಗಿ ಚೀಲದೊಳಗೆ ಇಣುಕಿದಳು. "ಬಣ್ಣದ ಮೀನು ತರ್ತೀನಿ ಅಂದಿದ್ದೆ. ಇದು ಖೋಲ್ಶೆ ಕಣೇ. ನಮ್ಮತ್ತೆ ಸಾಸಿವೆ ಅರೆದು ಸಾರು ಮಾಡ್ತಿದ್ದದ್ದು."

"ಅದೇ. ಹೊರದೇಶದೋರು ಗಾಜಲ್ಲಿಟ್ಟು ನೋಡ್ತಾರಂತೆ. ನಾವು ಸಾಸಿವೇಲಿಟ್ಟು ನೋಡಿದ್ವಿ."

ಬೌದಿ ಜಗ್ಗಲಿಲ್ಲ. ಒಳಗೆ ಗೋಪಾಲನ ಪೀಠವಿದೆ, ಸಾರಿನ ಮೀನು ಹೊಕ್ಕರೆ ಕೋಣೆಯೆಲ್ಲ ಮೈಲಿಗೆ, ಬಂದ ದಾರಿಯಲ್ಲೇ ವಾಪಸು ಕೊಟ್ಟು ಬಾ ಎಂದಳು. ವಾಪಸು ಹೋದರೆ ನಾಳೆಯೇ ತೊಟ್ಟಿ ಮಾಳಿಗೆಗೇರಿ ಕೊತ್ತಂಬರಿ ಕುಂಡವಾಗುತ್ತದೆಂದು ನಿಭಾನನಿಗೆ ಗೊತ್ತಿತ್ತು. ಚೀಲ ಬಿಸಿಲಿಗೆ ಬೆಚ್ಚಗಾಗುತ್ತಿತ್ತು. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು.

"ಮೈಲಿಗೆ ಆದ್ರೆ ಏನು ಚಿಮುಕಿಸ್ತೀರಿ ಬೌದಿ?"

"ಗಂಗಾಜಲ. ನಿಮ್ಮಣ್ಣ ಬೆಳಿಗ್ಗೆ ತಾನೇ ತಂದಿದ್ದಾರೆ."

"ಹಿಲ್ಸಾ ಎಲ್ಲಿಯದು?"

"ಗಂಗೇದೇ," ಬೌದಿಯ ಕತ್ತು ತುಸು ಎತ್ತರವಾಯಿತು. "ಸಮುದ್ರದ್ದನ್ನ ನಾನು ತಗೊಳ್ತೀನಾ?"

"ಹಂಗಾದ್ರೆ ಅಣ್ಣ ಬಿಂದಿಗೆ ಮುಳುಗಿಸೋವಾಗ ಈ ಹಿಲ್ಸಾ ಎಲ್ಲಿತ್ತು? ದಡದ ಮೇಲಾ?" ನಿಭಾನನಿ ಕಣ್ಣು ಮುಚ್ಚಿ, ಪುರೋಹಿತ ಭಟ್ಟಾಚಾರ್ಯರ ಮೂಗಿನ ದನಿ ತೆಗೆದಳು: "'ಮತ್ಸ್ಯಮಾತೆಯರೇಂ, ಒಂದಿಷ್ಟು ಆಚೆ ಸರೀರಿಂ. ನಮಗೆ ಶುದ್ಧಿಗೆ ನೀರು ಬೇಕುಂ.'"

ಕೆಳಗೆ ಪತ್ರಿಕೆ ಓದುತ್ತಿದ್ದ ಅಣ್ಣನಿಗೆ ಕೆಮ್ಮು ಬಂತು. ಎಲ್ಲರಿಗೂ ಗೊತ್ತಾಗುವಂಥ ಸುಳ್ಳು ಕೆಮ್ಮು. ಬೌದಿಯ ತುಟಿ ಒಂದು ಕಡೆಗೆ ಓರೆಯಾಯಿತು. ಅದನ್ನು ಮುಚ್ಚಿಕೊಳ್ಳಲು ಸೆರಗು ಎತ್ತಿದಳು, ಎತ್ತುವಾಗ ಬಾಗಿಲು ತೆರವಾಯಿತು. ನಿಭಾನನಿ ಒಳಗಿದ್ದಳು.

ಚೀಲವನ್ನು ಹಾಗೇ ತೊಟ್ಟಿಯಲ್ಲಿ ತೇಲಬಿಟ್ಟಳು. ಎರಡೂ ನೀರಿನ ಬಿಸಿ ಒಂದಾಗುವವರೆಗೆ ಪಕ್ಕದಲ್ಲೇ ಕೂತು, ಆಮೇಲೆ ಗಂಟು ಬಿಚ್ಚಿದಳು. ದಸರೆಗೆ ಉಟ್ಟ ರೇಷ್ಮೆಯಂತೆ ಗಂಡು ಮೀನು ರೆಕ್ಕೆ ಬಿಚ್ಚಿತು. ಒಂದು ನೀಲಿ ಮಿಂಚು ಗಿಡದ ಹಿಂದೆ ಸರಿದು ಮತ್ತೆ ಬಂತು.

ಬೌದಿಯ ಕಾಲು ತಾನಾಗಿ ಹೊಸಿಲಿನ ಮೇಲೆ ಎದ್ದಿತು.

"ಅಲ್ಲೇ ನಿಲ್ಲಿ ಬೌದಿ," ನಿಭಾನನಿ ತಿರುಗದೆಯೇ ಹೇಳಿದಳು. "ಕೈಯೆಲ್ಲ ಹಿಲ್ಸಾ. ಸ್ನಾನ ಮಾಡಿ ಸೀರೆ ಬದಲಿಸಿ ಬನ್ನಿ. ನಮ್ಮ ಮೀನು ಮಡಿ."

ಸಂಜೆ ಬೌದಿ ಬಂದಳು; ಒದ್ದೆ ಕೂದಲು, ಒಗೆದ ಸೀರೆ. ನೆಲದ ಮೇಲೆ ನಾದಿನಿಯ ಪಕ್ಕ ಕೂತಳು. ನಿಭಾನನಿ ತೋರುಬೆರಳನ್ನು ನೀರಿಗಿಳಿಸಿ ಅಲುಗದೆ ಹಿಡಿದಿದ್ದಳು. ಗಂಡು ಖೋಲ್ಶೆ ಹತ್ತಿರ ಬಂದು, ಎದೆಯ ಕೆಳಗಿನ ನೂಲಿನಂಥ ಎರಡು ಮೀಸೆ ಚಾಚಿ, ಕುರುಡರು ಮುಖ ಸವರುವ ಹಾಗೆ ಆ ಬೆರಳನ್ನು ಸವರಿತು.

"ಮೀನು ಮುಟ್ಟಿಬಿಟ್ಟೆಯಲ್ಲೇ," ಬೌದಿ ಪಿಸುಗುಟ್ಟಿದಳು.

"ನೀವೇ ಸಾಕ್ಷಿ ಬೌದಿ. ನಾನೆಲ್ಲಿ ಮುಟ್ಟಿದೆ? ಅದೇ ಮುಟ್ಟಿತು."

ಬೆರಳನ್ನು ಮಾತ್ರ ಆಚೆ ತೆಗೆಯಲಿಲ್ಲ.