ಮನೆಯಲ್ಲೇ ವಾಸಿಯಾಗುವ ಜ್ವರ

ಅಮ್ಮನ ಡೆಂಗಿ ಜ್ವರದ ಖರ್ಚು ಕೊಡುವುದಿಲ್ಲ ಎಂದು ವಿಮಾ ಕಂಪನಿ ತಿಳಿಸಿದಾಗ ನಾನು ಮೇಲ್ಮನವಿ ಹಾಕಿದೆ. ಆಸ್ಪತ್ರೆಯ ಬಿಲ್ಲಿಗಾಗಿ ಅಡವಿಟ್ಟ ಅವಳ ಬಳೆಗಳನ್ನು ಬಿಡಿಸಲು ನಮಗೆ ಬೇರೆ ದಾರಿ ಇರಲಿಲ್ಲ.

ವಿಚಾರಣೆಯ ದಿನ ಮ್ಯಾನೇಜರ್ ಮೇಡಂ ಪಕ್ಕದಲ್ಲಿ ಕಂಪನಿಯ ಡಾಕ್ಟರು ಕುಳಿತಿದ್ದರು. ನಮ್ಮ ಕ್ಲೇಮನ್ನು ತಿರಸ್ಕರಿಸಿದವರು ಅವರೇ. ನಮ್ಮ ಫೈಲು ಅವರ ಮೊಬೈಲಿನ ಕೆಳಗೆ ಮುಚ್ಚಿಕೊಂಡೇ ಇತ್ತು. ಎದುರಿನ ಕುರ್ಚಿಯ ತುದಿಯಲ್ಲಿ ನಾನು ಕುಳಿತೆ.

“ನೋಡಮ್ಮ, ಇದು ಮನೇಲೇ ಮಾತ್ರೆ ನುಂಗಿ, ಗಂಜಿ ಕುಡಿದು ವಾಸಿ ಮಾಡ್ಕೊಳ್ಳೋ ಜ್ವರ. ಅಡ್ಮಿಟ್ ಆಗೋ ಅಗತ್ಯಾನೇ ಇರ್ಲಿಲ್ಲ,” ಎಂದರು ಡಾಕ್ಟರು.

“ಅಡ್ಮಿಟ್ ಆಗದಿದ್ರೆ ನಿಮ್ಮಮ್ಮ ಉಳಿಯಲ್ಲ ಅಂತ ಅಲ್ಲಿನ ಡಾಕ್ಟ್ರು ಹೆದರಿಸಿದ್ರು ಸರ್.”

“ಹೆದರಿಸ್ದೆ ಏನ್ ಮಾಡ್ತಾರೆ? ಬೆಡ್ ತುಂಬಬೇಕಲ್ಲ!” ಅವರು ನಕ್ಕರು. “ಇಂಥೋರಿಂದಾನೇ ನಮ್ಮ ವೃತ್ತಿಗೆ ಕೆಟ್ಟ ಹೆಸರು.”

ನಾನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡೆ.

“ಹಾಗಾದ್ರೆ ತಪ್ಪು ಅವರದ್ದಾ ಸರ್?”

“ತಪ್ಪಲ್ಲಮ್ಮ, ಮೋಸ. ಮೆಡಿಕಲ್ ಕೌನ್ಸಿಲ್‌ಗೆ ದೂರು ಕೊಡು. ಸುಮ್ನೆ ಬಿಡ್ಬೇಡ ಅವನನ್ನ.”

“ನೀವು ಹೇಳಿದ್ದನ್ನೇ ಬರೀಲಾ?”

“ಧಾರಾಳವಾಗಿ ಬರಿ. ಮೇಡಂ ಎದುರಿಗೇ ಹೇಳ್ತಾ ಇದೀನಲ್ಲ.”

ಮೇಡಂ ಪೆನ್ನು ತೆಗೆದುಕೊಂಡರು. “ಯಾರಮ್ಮ ಆ ಡಾಕ್ಟ್ರು?”

“ಬೆಳಗಿನ ಹೊತ್ತು ಇವರು ಆ ಆಸ್ಪತ್ರೇಲೇ ಇರ್ತಾರೆ ಮೇಡಂ. ಅಮ್ಮನ್ನ ಅಡ್ಮಿಟ್ ಮಾಡಿದ್ದು ಇವರೇ.”