ಕೀಲಿ ಬಳಸಿ ತೆರೆಯಲಾಗಿದೆ

ಮೀಟಿಂಗಿನ ನಡುವೆ ಫೋನು ಗುರುಗುಟ್ಟಿತು. ಮ್ಯಾನೇಜರ್ ಮೇಜಿನ ಕೆಳಗೇ ಹಿಡಿದು ನೋಡಿದ. ‘ಮುಂಬಾಗಿಲು: ಹೊರಗಿನಿಂದ ಕೀಲಿ ಬಳಸಿ ತೆರೆಯಲಾಗಿದೆ.’ ಇವತ್ತೂ ಮಧ್ಯಾಹ್ನವೇ. ವಾರವೆಲ್ಲ ಇದೇ ಹಾಡು.

ಮನೆಯ ಕೀಲಿ ಅವನ ಜೇಬಿನಲ್ಲೇ ಇತ್ತು. ಹಾಗಾದರೆ ಇನ್ನೊಂದು ಯಾರ ಕೈಯಲ್ಲಿದೆ? ಹೆಂಡತಿ ಏನೂ ಅರಿಯದ ಮಳ್ಳಿಯ ಹಾಗೆ ಇದ್ದುಕೊಂಡು... ಛೀ!

ಆ ಬೀಗದ ಬಗ್ಗೆ ಮಹಾಶಯನಿಗೆ ಬಹಳ ಜಂಬ. ಹೋದ ವಾರವಷ್ಟೇ ಕಟ್ಟಡದ ಎಲ್ಲ ಮನೆಗಳಿಗೂ ಒಂದೇ ಬಗೆಯ ವೈರ್‌ಲೆಸ್ ಬೀಗ ಕೂರಿಸಿದ್ದರು. ಅವತ್ತು ಮಹಡಿ ತುಂಬ ಡ್ರಿಲ್ಲಿನ ಗಲಾಟೆ. ಬೀಗವನ್ನು ಹಾಲ್‌ನಲ್ಲಿದ್ದ ಕಂಟ್ರೋಲರ್ ಪೆಟ್ಟಿಗೆಗೆ ಸೇರಿಸುವುದು ಮನೆಯವರ ಕೆಲಸ. ಪೆಟ್ಟಿಗೆಯ ಗುಂಡಿ ಒತ್ತಬೇಕು, ಆಮೇಲೆ ಬೀಗದ ಗುಂಡಿ. ಮೊದಲು ಓಗೊಟ್ಟ ಬೀಗವನ್ನು ಪೆಟ್ಟಿಗೆ ತನ್ನದೆಂದು ಬರೆದುಕೊಳ್ಳುತ್ತದೆ.

“ರೀ, ಫೋನಲ್ಲಿ ಬಂದಿರೋ ನಂಬರ್ರೂ ಬೀಗದ ಮೇಲಿರೋ ನಂಬರ್ರೂ ಒಂದೇನಾ ಅಂತ ನೋಡ್ಬೇಕಂತೆ,” ಎಂದು ಹೆಂಡತಿ ಕೈಪಿಡಿ ನೋಡಿ ಹೇಳಿದಳು.

“ನಿನ್ನ ತಲೆಗೆ ಹತ್ತೋ ವಿಷಯಾನಾ ಇದು? ಹೋಗು, ಕಾಫಿ ಮಾಡು.”

ಪೆಟ್ಟಿಗೆಯ ಗುಂಡಿ ಒತ್ತಿ ಅವನು ಬಾಗಿಲ ಬಳಿ ಹೋಗುವ ಮೊದಲೇ ದೀಪ ಹಸಿರಾಯಿತು. ಎಷ್ಟು ಚುರುಕು ನೋಡು ಎಂದು ಎದೆಯುಬ್ಬಿಸಿದ.

ಅಂದಿನಿಂದ ಪ್ರತಿ ಬೆಳಿಗ್ಗೆ ಲಿಫ್ಟಿನಲ್ಲಿ ಇಳಿಯುತ್ತ ಫೋನಿನಲ್ಲೇ ಬೀಗ ಹಾಕುತ್ತಿದ್ದ. ಹಾಗೆ ಹಾಕಿದರೆ ಒಳಗಿನಿಂದ ತೆಗೆಯಲಾಗದು. ಹೆಂಡತಿಯ ಒಳ್ಳೆಯದಕ್ಕೇ ಅಂತೆ, ಕಾಲ ಕೆಟ್ಟಿದೆಯಂತೆ. ಬಾಗಿಲ ಹಿಡಿ ಜಗ್ಗಿ ನೋಡುವುದು ಅವನ ಘನತೆಗೆ ಕಮ್ಮಿ. ಸಂಜೆ ಬಂದಾಗಲೂ ಅಷ್ಟೆ: ಫೋನಿನಲ್ಲಿ ಬೀಗ ತೆಗೆದು ಬೆಲ್ ಒತ್ತುವನು, ಅವಳು ಓಡಿಬಂದು ಬಾಗಿಲು ತೆರೆಯಬೇಕು.

“ಎದುರುಮನೆ ಅಜ್ಜಿ ಯಾಕೋ ಈಚೆಗೆ ಕಾಣ್ತಾನೇ ಇಲ್ಲ ರೀ,” ಎಂದಿದ್ದಳು ಒಮ್ಮೆ.

“ಬೀಗ ಹಾಕಿದ ಮನೆಯೊಳಗೆ ಕೂತೋಳಿಗೆ ಯಾರು ಕಾಣ್ತಾರೆ?” ಎಂದು ನಕ್ಕಿದ್ದ.

ಆ ಸಂಜೆ ಅವನು ಶೂ ಕೂಡ ಬಿಚ್ಚಲಿಲ್ಲ. “ಯಾರು ಬರೋದು ಮಧ್ಯಾಹ್ನ?”

“ಯಾರೂ ಇಲ್ಲ. ನಾನು ಹೊಸ್ತಿಲೂ ದಾಟಿಲ್ಲ. ಹೋಗ್ಬೇಕು ಅಂದಿದ್ರೆ ಯಾವತ್ತೋ ಹೋಗ್ತಿದ್ದೆ.”

“ಹೇಗೆ? ಗೋಡೆ ತೂರ್ಕೊಂಡಾ? ಪೆಟ್ಟಿಗೆ ಸುಳ್ಳು ಹೇಳಲ್ಲ. ಸೂಟ್‌ಕೇಸ್ ತುಂಬ್ಕೋ.”

ಬಸ್ ಕಂಡಕ್ಟರಾಗಿದ್ದ ಅವಳ ಅಣ್ಣನಿಗೆ ಅವಳೆದುರೇ ಫೋನು ಹಚ್ಚಿದ. “ನಾಳೆ ಬನ್ನಿ ಭಾವ. ನಿಮ್ಮ ತಂಗಿ ಬಂಡವಾಳ ಕಣ್ಣಾರೆ ನೋಡಿ, ಜೊತೆಗೇ ಕರ್ಕೊಂಡು ಹೋಗಿ.” ಅವಳು ಅಳಲಿಲ್ಲ. ಅದೂ ಅವನಿಗೆ ಸಾಕ್ಷಿಯಾಗಿಯೇ ಕಂಡಿತು.

ಮರುದಿನವೂ ಎಂದಿನಂತೆ ಬೀಗ ಹಾಕಿ ಇಳಿದ. ಮಧ್ಯಾಹ್ನದ ಹೊತ್ತಿಗೆ ಅಣ್ಣನೊಂದಿಗೆ ಮೆಟ್ಟಿಲ ತಿರುವಿನಲ್ಲಿ ಅಡಗಿ ನಿಂತಿದ್ದ. ಅಣ್ಣನ ಮುಖ ನಾಚಿಕೆಯಿಂದ ಕಪ್ಪಿಟ್ಟಿತ್ತು. ಕೆಳಗಿನಿಂದ ಹೆಂಗಸೊಬ್ಬಳು ಊಟದ ಡಬ್ಬಿ ಹಿಡಿದು ಹತ್ತಿ ಬಂದಳು, ಚೀಲದಿಂದ ಕೀಲಿ ತೆಗೆದಳು, ಎದುರುಮನೆಯ ಬಾಗಿಲಿಗೆ ಹಾಕಿ ತಿರುಗಿಸಿದಳು.

ಫೋನು ಗುರುಗುಟ್ಟಿತು. ‘ಮುಂಬಾಗಿಲು: ಹೊರಗಿನಿಂದ ಕೀಲಿ ಬಳಸಿ ತೆರೆಯಲಾಗಿದೆ.’

“ಬಂದ್ಯಾ ಮಗಳೇ?” ಒಳಗಿನಿಂದ ಅಜ್ಜಿಯ ದನಿ. “ಇವತ್ತೂ ಬೆಳಿಗ್ಗೆ ತಾನಾಗೇ ಬೀಗ ಹಾಕ್ಕೊಂಬಿಡ್ತು ನೋಡು, ಹಾಳಾದ್ದು!”

ಅಣ್ಣ ಫೋನನ್ನು ನೋಡಿದ, ಅಜ್ಜಿಯ ಬಾಗಿಲನ್ನು ನೋಡಿದ, ಆಮೇಲೆ ತಂಗಿಯ ಗಂಡನನ್ನು ನೋಡಿದ. ಪೆಟ್ಟಿಗೆ ಅವತ್ತು ಸೇರಿಸಿಕೊಂಡದ್ದು ಯಾರ ಮನೆಯ ಬೀಗವನ್ನು ಎಂದು ಬಾಯಿಬಿಟ್ಟು ಹೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಅಷ್ಟರಲ್ಲಿ ಇತ್ತ ತಂಗಿಯ ಮನೆಯ ಬಾಗಿಲ ಹಿಡಿ ಒಳಗಿನಿಂದಲೇ ತಿರುಗಿತು. ಸೂಟ್‌ಕೇಸ್ ಹಿಡಿದು ಅವಳು ಹೊಸ್ತಿಲು ದಾಟಿದಳು.

“ಈ ಬಾಗಿಲಿಗೆ ಒಂದು ದಿನಾನೂ ಬೀಗ ಬಿದ್ದಿರ್ಲಿಲ್ಲ ರೀ, ಮೊದಲ್ನೇ ದಿನಾನೇ ತಿರುಗಿಸಿ ನೋಡಿದ್ದೆ. ಇಷ್ಟು ದಿನ ಒಳಗಿದ್ದಿದ್ದು ನಾನಾಗೇ. ನಡಿ ಅಣ್ಣ.”